ಬಾಲ್ಕನಿ ಬಾಗಿಲ ಚಪ್ಪಲಿಗಳು

ದಸರಾ ರಜೆಯಲ್ಲಿ ನಾನು ಗುಂಡ್ಲುಪೇಟೆಯ ಟಾಕೀಸಿನಲ್ಲಿ ಕೆಲಸಕ್ಕೆ ಸೇರಿದೆ ಅಂದ ತಕ್ಷಣ ನಮ್ಮ ನೆಂಟರಿಗೆಲ್ಲ ನನ್ನ ಮದುವೆಯ ಚಿಂತೆ ಹತ್ತಿತು. ಅದುವರೆಗೆ ನಾನು ಚಾಮರಾಜನಗರದ ಹಾಸ್ಟೆಲಿನಲ್ಲಿ ಉಂಡೆನೋ ಉಪವಾಸ ಬಿದ್ದೆನೋ ಎಂದು ಕೇಳದವರು, "ಕತ್ಲಲ್ಲಿ ಬ್ಯಾಟ್ರಿ ಹಿಡ್ಕಂಡು ನಿಂತ್ಕಳೋ ಹೆಣ್ಣ ನಾಳೆ ಯಾವನು ಕೇಳ್ಕಂಡು ಬಂದಾನು?" ಎಂದು ನಮ್ಮವ್ವನ ತಲೆ ತಿನ್ನಲು ಬಂದರು. ಬರದಿದ್ದರೆ ಬೇಡ ಎಂದೆ. ನನ್ನ ನಾಲಿಗೆ ಹುಟ್ಟಿದಾಗಿನಿಂದಲೂ ಒಂದು ಮೊಳ ಉದ್ದ. ಅವ್ವನಿಗೆ ಬಾಯೇ ಇಲ್ಲ. ಅವಳ ಪಾಲಿನದನ್ನೂ ದೇವರು ನನಗೇ ಕೊಟ್ಟುಬಿಟ್ಟ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ.

ಅವ್ವ ಭೀಮನಬೀಡಿನ ಕಡೆ ಚೆಂಡು ಹೂವಿನ ಹೊಲಗಳಲ್ಲಿ ಹೂ ಕೀಳುತ್ತಾಳೆ. ಆ ಕೆಲಸ ಮಾಡಿದವರ ಕೈ ಎಲ್ಲಿದ್ದರೂ ಗುರುತು ಸಿಗುತ್ತದೆ. ಗಿಡದ ರಸ ಬೆರಳಿಗೆ ಹತ್ತಿ, ಉಗುರಿನ ಸಂದಿಯಲ್ಲಿ ಕಪ್ಪು ಹಸಿರು ಕಲೆಯಾಗಿ ಕೂತುಬಿಡುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಜಗ್ಗುವುದಿಲ್ಲ. ಅದು ಹೋಗುವುದು ಹೂವಿನ ಕೆಲಸ ಮುಗಿದು ಸುಮಾರು ದಿನ ಕಳೆದ ಮೇಲೆಯೇ. ರಜೆ ಬಂತೆಂದರೆ ನಾನೂ ಅವ್ವನ ಪಕ್ಕದ ಸಾಲು ಹಿಡಿಯುತ್ತಿದ್ದೆ. ಈ ಸಲ ಬೇರೆ ಏನಾದರೂ ಮಾಡಿಯೇ ಮಾಡುತ್ತೇನೆ ಎಂದು ಹಟ ಹಿಡಿದೆ.

ಟಾಕೀಸನ್ನು ಆಗಷ್ಟೇ ಹೊಸದು ಮಾಡಿದ್ದರು. ಕೆಳಗೆ ಹಳೇ ಕುರ್ಚಿಗಳೇ, ಬಾಲ್ಕನಿಗೆ ಮಾತ್ರ ಕೆನೆ ಬಣ್ಣದ ಮೆತ್ತನೆಯ ಸೀಟು, ನೆಲಕ್ಕೆ ಕಾರ್ಪೆಟ್. ಬಂಡೀಪುರಕ್ಕೂ ಗೋಪಾಲಸ್ವಾಮಿ ಬೆಟ್ಟಕ್ಕೂ ಬಂದ ಕಾರಿನವರು ರಜೆಯಲ್ಲಿ ಸಂಸಾರ ಸಮೇತ ಸಿನಿಮಾಕ್ಕೂ ಬರುತ್ತಿದ್ದರು. ಹೆಂಗಸರು ಮಕ್ಕಳು ಬರುವ ಕಡೆ ಹುಡುಗಿಯೊಬ್ಬಳು ಇರಲಿ ಎಂದು ಮ್ಯಾನೇಜರ್ ನನ್ನನ್ನು ಬಾಲ್ಕನಿ ಬಾಗಿಲಿಗೆ ನಿಲ್ಲಿಸಿ ಕೈಗೊಂದು ಟಾರ್ಚ್ ಕೊಟ್ಟರು. ಟಿಕೆಟ್ ಹರಿಯುವುದು, ಸೀಟು ತೋರಿಸುವುದು, ಅಷ್ಟೇ ಕೆಲಸ. ಆದರೆ ಆ ಟಾರ್ಚ್ ಕೈಗೆ ಬಂದಾಗ ನನಗಾದ ಖುಷಿ ಹೇಳತೀರದು. ನಾನು ಬೆಳಕು ಬಿಟ್ಟ ಕಡೆ ಜನ ನಡೆಯುತ್ತಿದ್ದರು. ಅಲ್ಲಿಯವರೆಗೆ ಇನ್ನೊಬ್ಬರು ತೋರಿಸಿದ ಸಾಲಿನಲ್ಲಿ ತಲೆ ಬಗ್ಗಿಸಿ ನಡೆದವಳು ನಾನು. ರಜೆ ಮುಗಿದ ಮೇಲೂ ಭಾನುವಾರಗಳಂದು ಬರುತ್ತಿರು ಎಂದು ಮ್ಯಾನೇಜರ್ ಹೇಳಿದ್ದರು. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಮೊದಲನೇ ದಿನವೇ ಇನ್ನೊಂದು ಮಾತನ್ನೂ ಹೇಳಿದ್ದರು. "ಬಾಲ್ಕನಿ ಟಿಕೆಟ್ ಹಿಡ್ಕೊಂಡು ಕೂಲಿಯೋರು ಬಂದ್ರೆ ಫುಲ್ ಆಗಿದೆ ಅಂತೇಳಿ ಕೆಳಕ್ಕೆ ಕಳ್ಸಮ್ಮ. ಹೊಸಾ ಸೀಟು, ಎಲ್ಲ ಕಲೆ ಆಗ್ಬುಡ್ತದೆ."

"ಕತ್ಲಲ್ಲಿ ಯಾರು ಕೂಲಿಯೋರು ಅಂತ ಹೆಂಗೆ ಗೊತ್ತಾಯ್ತದೆ ಸಾರ್?"

"ಬೆಳಕ ಮುಖಕ್ಕೆ ಬಿಡಬ್ಯಾಡ. ಟಿಕೆಟ್ ಹಿಡಿದಿರೋ ಕೈಗೆ ಬಿಡು. ಕೈ ನೋಡಿದ್ರೆ ಗೊತ್ತಾಗ್ಬುಡ್ತದೆ."

ನನ್ನ ಕೈ ಆಗ ಶುಭ್ರವಾಗಿತ್ತು. ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿದ್ದು ಕಲೆಯೆಲ್ಲ ಹೋಗಿತ್ತು. ಇಲ್ಲದಿದ್ದರೆ ಆ ಮನುಷ್ಯ ಈ ಮಾತನ್ನು ನನಗೆ ಹೇಳುತ್ತಿದ್ದರೇ? ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಕೌಂಟರಿನಲ್ಲಿ ಟಿಕೆಟ್ ಸಿಕ್ಕಿದರೂ ಸೀಟು ಸಿಗದ ಹಾಗೆ ನೋಡಿಕೊಳ್ಳಲು ನನ್ನನ್ನು ಪೂಜಾರಿ ಮಾಡಿದ್ದರು. ಅಂಥವರು ಬಂದಾಗ ನೋಡೋಣ ಎಂದುಕೊಂಡೆ. ಆ ದಿನಗಳಲ್ಲಿ ಯಾರೂ ಬರಲಿಲ್ಲ. ಹೇಗೆ ಬಂದಾರು? ಆಯುಧಪೂಜೆ ಹತ್ತಿರವಾಗಿತ್ತು. ಊರಿನ ಬಸ್ಸು, ಲಾರಿ, ಟ್ರ್ಯಾಕ್ಟರುಗಳಿಗೆಲ್ಲ ಚೆಂಡು ಹೂವಿನ ಹಾರ ಬೇಕಾಗಿತ್ತು. ಕೂಲಿಯವರೆಲ್ಲ ಹೊಲದಲ್ಲಿದ್ದರು.

ಹಬ್ಬ ಕಳೆದ ಮೇಲೆ ಚೆಂಡು ಹೂವನ್ನು ಕೇಳುವವರೇ ಇರುವುದಿಲ್ಲ. ಊರಿಗೆಲ್ಲ ಹಬ್ಬ ಮುಗಿದ ದಿನವೇ ಹೂ ಕೀಳುವವರಿಗೆ ಬಿಡುವು. ಅಂಥ ದಿನದ ಮಧ್ಯಾಹ್ನದ ಆಟ ಶುರುವಾಗಿತ್ತು. ಬಾಗಿಲ ಪರದೆಯ ಈಚೆ ಮಸುಕುಗತ್ತಲು. ಮೆಟ್ಟಿಲ ಮೇಲೆ ಗುಸುಗುಸು, ಬಳೆ ಸದ್ದು. ರೂಢಿಯಂತೆ ಟಿಕೆಟ್ಟಿನತ್ತ ಬೆಳಕು ಬಿಟ್ಟೆ. ಕಪ್ಪು ಹಸಿರು ಉಗುರುಗಳ ಕೈಯೊಂದು ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮೂರನೆಯದು ನಮ್ಮವ್ವನ ಕೈ ಎಂದು ಮುಖ ನೋಡುವ ಮೊದಲೇ ಗೊತ್ತಾಯಿತು.

ಅವ್ವನ ಜೊತೆ ಹೂ ಕೀಳುವ ಹೆಂಗಸರೆಲ್ಲ ಬಂದಿದ್ದರು. ಎಲ್ಲರಿಗೂ ಹಿರಿಯಳು ನಮ್ಮ ಪಕ್ಕದ ಮನೆಯವಳು, ನಾನು ದೊಡ್ಡವ್ವ ಅನ್ನುತ್ತೇನೆ. "ನೀನು ನಿಂತಿರೋ ಬಾಗ್ಲಲ್ಲೇ ಓಗ್ಬೇಕು ಅಂತ ಬಾಲ್ಕನಿನೇ ಕೊಡಪ್ಪ ಅಂದೆ ಕಣಮ್ಮಿ," ಎಂದು ಪಿಸುಗುಟ್ಟಿದಳು. ಅವ್ವ ನನ್ನ ಕೈಯ ಟಾರ್ಚನ್ನೇ ನೋಡುತ್ತಿದ್ದಳು, ಮುಖದಲ್ಲಿ ಇಷ್ಟಗಲ ನಗು.

ಟಿಕೆಟ್ ಹರಿದೆ. ಪರದೆ ಸರಿಸಿದೆ. ಮುಂದೆ ಮುಂದೆ ಬೆಳಕು ಬಿಡುತ್ತಾ ಹೋಗಿ ಬಾಲ್ಕನಿಯ ನಟ್ಟನಡುವಿನ ಸಾಲಿನಲ್ಲಿ ಕೂರಿಸಿದೆ. ಕೂರಿಸಿ ಹೊರಗೆ ಬಂದು ನೋಡುತ್ತೇನೆ, ಬಾಗಿಲ ಪಕ್ಕ ಗೋಡೆಗೆ ಒತ್ತಿಕೊಂಡು ಅಷ್ಟೂ ಜನರ ಚಪ್ಪಲಿ ಸಾಲಾಗಿ ಕೂತಿವೆ. ಬೆಳಕನ್ನು ಮುಂದಕ್ಕೆ ಬಿಡುತ್ತಿದ್ದ ನನಗೆ ಹಿಂದೆ ಬರುವವರ ಬರಿಗಾಲು ಕಂಡಿರಲಿಲ್ಲ.

ಮ್ಯಾನೇಜರ್ ಮೇಲೆ ಬಂದಿದ್ದಕ್ಕಿಂತ ಹೆಚ್ಚಿನ ಸಿಟ್ಟು ಅವ್ವನ ಮೇಲೆ ಬಂತು. ನಮ್ಮಜ್ಜಿ ಮೇಲ್ಜಾತಿಯವರ ದೊಡ್ಡ ಬೀದಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದವಳಂತೆ. ಅವ್ವನ ಕಾಲಕ್ಕೆ ಅದು ತಪ್ಪಿತು, ಆದರೆ ಕಾಲಿನ ಭಯ ಹೋಗಲಿಲ್ಲ. ಬ್ಯಾಂಕಿಗೆ ಹೋದರೂ ಬಾಗಿಲಲ್ಲೇ ಬಿಡುತ್ತಾಳೆ, ನಮ್ಮ ಕಾಲೇಜಿನ ಆಫೀಸಿಗೆ ಬಂದಾಗಲೂ ಬಿಟ್ಟಿದ್ದಳು. ಮೆಟ್ಟಿಲು ಹತ್ತಿ ಕಾರ್ಪೆಟ್ ಕಂಡರೆ ಕೇಳಬೇಕೆ? ಒಬ್ಬಳು ಬಿಟ್ಟಿದ್ದು ನೋಡಿ ಎಲ್ಲರೂ ಬಿಟ್ಟಿದ್ದರು. ಕತ್ತಲಲ್ಲಿ ಕೂತವರನ್ನು ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಈ ಸಾಲು ಮಾತ್ರ ಎಲ್ಲವನ್ನೂ ಕೂಗಿ ಹೇಳುತ್ತಿತ್ತು.

ನಾನು ಕೂರುವ ಬೆಂಚಿನ ಕೆಳಗೆ ತಳ್ಳಿಬಿಡೋಣ ಎಂದು ಬಗ್ಗಿದೆ. ಬಗ್ಗಿದವಳು ಹಾಗೇ ನೆಟ್ಟಗೆ ನಿಂತೆ. ಬಚ್ಚಿಡಲು ಇವೇನು ಕದ್ದ ಮಾಲೇ? ಇದ್ದಲ್ಲೇ ಇರಲಿ ಎಂದು ಬಿಟ್ಟೆ.

ಇಂಟರ್ವಲ್ ಮುಗಿಯುವ ಹೊತ್ತಿಗೆ ಮ್ಯಾನೇಜರ್ ಮೇಲೆ ಬಂದರು. "ಏನಿದು ಚಪ್ಪಲಿ ಸಂತೆ?"

"ಸಿನಿಮಾ ನೋಡೋರದು ಸಾರ್."

"ಯಾರನ್ನ ಬಿಟ್ಟಿದ್ದೀಯ ಒಳಕ್ಕೆ? ಕೈ ನೋಡ್ಲಿಲ್ವಾ?"

"ನೋಡ್ದೆ ಸಾರ್. ನಮ್ಮವ್ವನ ಕೈ."

ಅವರು ಪರದೆಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ನಿಮ್ಮವ್ವನೇ ಇರ್ಲಿ, ರೂಲ್ಸ್ ರೂಲ್ಸೇ. ಕೆಳಗೆ ಸೀಟು ಖಾಲಿ ಅವೆ, ಲೈಟ್ ಹೋಗೋದ್ರೊಳಗೆ ಇಳ್ಸು. ಇಲ್ಲ ಅಂದ್ರೆ ನಾಳೆಯಿಂದ ನೀನು ಬರಾದು ಬ್ಯಾಡ."

"ನಾಳೆಯಿಂದ ತಾನೇ ಸಾರ್? ಇವತ್ತು ಇನ್ನೂ ಅರ್ಧ ಸಿನಿಮಾ ಅದೆ."

ಭಾನುವಾರಗಳು ಹೋದವು ಎಂದು ಹೇಳುವಾಗಲೇ ಗೊತ್ತಿತ್ತು. ಟಾರ್ಚನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ.

ಹಿಂದೆ ಪರದೆ ಅಲುಗಿತು. ಅವ್ವ ನಿಂತಿದ್ದಳು. ನನಗೆ ಕೊಡಲು ಸೆರಗಿನಲ್ಲಿ ಹಬ್ಬದ ಕಡ್ಲೆಪುರಿ ಕಟ್ಟಿಕೊಂಡು ಎದ್ದು ಬಂದವಳಿಗೆ ಎಲ್ಲ ಕೇಳಿಸಿತ್ತು. ಅವಳ ಕಣ್ಣು ಚಪ್ಪಲಿಗಳ ಮೇಲೆ ಹೋಯಿತು. ಅವ್ವ ನನಗೆ ಗೊತ್ತಿಲ್ಲವೇ? ಈಗ 'ತಪ್ಪಾಯ್ತು ಬುದ್ಧಿ' ಅನ್ನುತ್ತಾಳೆ. ಎಷ್ಟು ಹೊಸ್ತಿಲುಗಳಲ್ಲಿ ಆ ಮಾತು ಕೇಳಿದ್ದೇನೆ. ಅದೊಂದು ಬಂದುಬಿಟ್ಟರೆ ನನ್ನ ನಾಲಿಗೆ ಮೊಳವಿದ್ದರೂ ಅಷ್ಟೇ, ಮಾರುದ್ದ ಇದ್ದರೂ ಅಷ್ಟೇ. ಬೇಡವ್ವ, ಇವತ್ತೊಂದು ದಿನ ಬೇಡ ಎಂದು ಒಳಗೊಳಗೇ ಬೇಡಿಕೊಂಡೆ.

ಅವ್ವ ಸೆರಗು ಬಿಚ್ಚಿ ಕಡ್ಲೆಪುರಿಯನ್ನು ನನ್ನ ಖಾಲಿ ಕೈಗೆ ಸುರಿದಳು. ಬಗ್ಗಿ, ಪಿನ್ನು ಹಾಕಿದ ತನ್ನ ಚಪ್ಪಲಿಯನ್ನು ಸಾಲಿನಿಂದ ಹುಡುಕಿ ಮೆಟ್ಟಿಕೊಂಡಳು. ಕೆಳಗಿಳಿಯಲು ಹೊರಟಳೆಂದು ಮ್ಯಾನೇಜರ್ ಪಕ್ಕಕ್ಕೆ ಸರಿದು ಮೆಟ್ಟಿಲಿಗೆ ದಾರಿ ಬಿಟ್ಟರು. ಅವ್ವ ಆ ಕಡೆ ತಿರುಗಲಿಲ್ಲ. ಪರದೆ ಸರಿಸಿ ಒಳಕ್ಕೆ ಕೂಗಿದಳು. "ಅಕ್ಕಾ, ಎಲ್ರೂ ಬಂದು ಚಪ್ಲಿ ಮೆಟ್ಕಳಿ. ಇಲ್ಲೇನು ದೇವ್ರಿಲ್ಲ."

ಒಬ್ಬೊಬ್ಬರಾಗಿ ಬಂದರು. ತಮ್ಮ ತಮ್ಮವನ್ನು ಹುಡುಕಿ ಮೆಟ್ಟಿಕೊಂಡರು. ಅಷ್ಟರಲ್ಲಿ ಬೆಲ್ ಹೊಡೆದು ಲೈಟು ಆರಿತು. ಮ್ಯಾನೇಜರ್ ಏನೋ ಅಂದರು, ಸಿನಿಮಾದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವ್ವ ಎಲ್ಲರ ಮುಂದೆ ನಿಂತು ನನ್ನ ಕಡೆ ತಿರುಗಿದಳು.

"ಅಮ್ಮಿ, ದಾರಿ ಕಾಣ್ದು. ಬ್ಯಾಟ್ರಿ ಬುಡು."

ಪುರಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಟಾರ್ಚ್ ಹತ್ತಿಸಿದೆ. ಕೈಗಲ್ಲ, ಕಾಲಿಗೆ ಬಿಟ್ಟೆ. ಕೆನೆ ಬಣ್ಣದ ಸೀಟುಗಳ ನಡುವೆ ಹೊಲದ ಮಣ್ಣು ಮೆತ್ತಿದ ಚಪ್ಪಲಿಗಳು ಪಟಪಟ ಸದ್ದು ಮಾಡುತ್ತಾ ಕಾರ್ಪೆಟ್ಟಿನ ಮೇಲೆ ನಡೆದು ಹೋದವು, ಎಲ್ಲಕ್ಕಿಂತ ಮುಂದೆ ನಮ್ಮವ್ವನವು.