ಸೊಳ್ಳೆಹೊಳೆಯ ಮಾತು

ಅತ್ತೆ ತೀರಿಕೊಂಡ ಮೇಲೆ, ೨೦೦೩ರಲ್ಲಿ, ಮಾವ ಅಮೆರಿಕಕ್ಕೆ, ಮೀರಾ ಮೆಸಾ ಎಂಬ ಊರಿನ ನಮ್ಮ ಮನೆಗೆ ಬಂದರು. ಉಡುಪಿ ಕಡೆಯವರಾದರೂ ಎಂಟನೇ ವಯಸ್ಸಿನಿಂದ ಅವರು ಬದುಕಿದ್ದು ಟಾಂಜಾನಿಯಾದ ಒಂದು ಸಣ್ಣ ಹಳ್ಳಿಯಲ್ಲಿ, ತಮ್ಮ ಅಪ್ಪನ ದಿನಸಿ ಅಂಗಡಿ ನೋಡಿಕೊಂಡು. ಆ ಹಳ್ಳಿಯ ಹೆಸರಿಗೆ ಸ್ವಾಹಿಲಿಯಲ್ಲಿ ಸೊಳ್ಳೆಹೊಳೆ ಎಂದು ಅರ್ಥವಂತೆ. ನನ್ನ ಗಂಡನೂ ಅಲ್ಲೇ ಹುಟ್ಟಿದವನು. ಐದು ವರ್ಷಕ್ಕೇ ಓದಲೆಂದು ಉಡುಪಿಯ ಅಜ್ಜಿಮನೆಗೆ ಕಳಿಸಿದ್ದರು. ಆ ಭಾಷೆ ಅವನಿಗೆ ಉಳಿಯಲಿಲ್ಲ.

ನಾನು ಅಡುಗೆ ಮಾಡುವಾಗ ಮಾವ ಪಕ್ಕದಲ್ಲಿ ಕೂತು ಊರನ್ನು ವರ್ಣಿಸುತ್ತಿದ್ದರು. ಬೆನ್ನಿಗೆ ಗೋಡೆಯಂತೆ ಎದ್ದ ಬೆಟ್ಟ, ಸಂತೆಯ ಕೆಂಪು ಬಾಳೆಹಣ್ಣು, ಸರೋವರದ ದಡಕ್ಕೆ ಗುಲಾಬಿ ಬಣ್ಣ ಬಳಿಯುವ ಫ್ಲೆಮಿಂಗೋ ಹಕ್ಕಿಗಳ ಹಿಂಡು, ಕೊಂಬೆಯ ಮೇಲೆ ಕಾಲು ಜೋತುಬಿಟ್ಟು ಮಲಗುವ ಸಿಂಹ. ಸಿಂಹ ಎಲ್ಲಾದರೂ ಮರ ಹತ್ತುತ್ತದೆಯೇ ಎಂದು ನಾನು ನಕ್ಕರೆ, "ನೀನೊಮ್ಮೆ ಬಾ ಮಾರಾಯ್ತಿ, ತೋರಿಸ್ತೇನೆ," ಎನ್ನುತ್ತಿದ್ದರು. ಮುಂದಿನ ಬೇಸಿಗೆಗೆ ಹೋಗೋಣ ಎನ್ನುತ್ತಲೇ ಬೇಸಿಗೆಗಳು ಕಳೆದವು.

ಆಮೇಲೆ ಮರೆವು ಶುರುವಾಯಿತು. ಮೊದಲು ಮೊಮ್ಮಗಳ ಹೆಸರು ಹೋಯಿತು, ನಂತರ ತುಳು, ಕನ್ನಡ. ೨೦೦೭ರ ಹೊತ್ತಿಗೆ ಬರೀ ಸ್ವಾಹಿಲಿ. ಮಗನ ಕೈ ಹಿಡಿದು ಏನೋ ಬೇಡುತ್ತಿದ್ದರು. ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. "ನನ್ನನ್ನು ಅಲ್ಲಿಯೇ ಇಟ್ಕೊಂಡಿದ್ರೆ ಇವತ್ತು ಅರ್ಥ ಆಗ್ತಿತ್ತಲ್ಲ," ಎಂದು ಗ್ಯಾರೇಜಿನಲ್ಲಿ ನಿಂತು ಅತ್ತ.

ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಟಾಂಜಾನಿಯಾದ ನರ್ಸ್ ಒಬ್ಬರಿದ್ದಾರೆಂದು ಗೆಳತಿಯಿಂದ ತಿಳಿದು, ಒಂದು ಶನಿವಾರ ಮೂರು ಗಂಟೆ ಕಾರು ಓಡಿಸಿಕೊಂಡು ಮೂವರೂ ಅವರ ಮನೆಗೆ ಹೋದೆವು. ಆಕೆ ಬಾಗಿಲಲ್ಲೇ ತಮ್ಮ ಭಾಷೆಯಲ್ಲಿ ನಮಸ್ಕಾರ ಹೇಳಿದರು. ಮಾವನ ಮುಖ ಅರಳಿತು. ಒಂದು ಗಂಟೆ ಮಾತೇ ಮಾತು. ನಡುವೆ ಆಕೆ ಕಣ್ಣೊರೆಸಿಕೊಂಡರು.

ಏನು ಹೇಳುತ್ತಿದ್ದಾರೆ ಎಂದು ಗಂಡ ಕೇಳಿದ. ಆಕೆ ನಿಧಾನವಾಗಿ ಇಂಗ್ಲಿಷಿನಲ್ಲಿ ತಿಳಿಸಿದರು: ಮಗನನ್ನು ಹಡಗು ಹತ್ತಿಸಿ ಬಂದ ದಿನದಿಂದ ಹೆಂಡತಿ ಸರಿಯಾಗಿ ಊಟ ಮಾಡಿಲ್ಲವಂತೆ. ಈ ಇಬ್ಬರೂ ಒಳ್ಳೆಯವರು, ಇವರಿಗೆ ಹೇಳಿ ಹುಡುಗನನ್ನು ವಾಪಸ್ ಕರೆಸಿಕೊಡು ಎಂದು ಕೇಳುತ್ತಿದ್ದಾರಂತೆ.

ಗಂಡ ಅವರ ಕಾಲ ಬಳಿ ಕೂತ. "ಅಪ್ಪ, ನಾನು ಬಂದಿದ್ದೇನೆ."

ಆಕೆ ಅದನ್ನು ಸ್ವಾಹಿಲಿಯಲ್ಲಿ ಹೇಳಿದರು. ಮಾವ ಅವನ ನರೆತ ಗಡ್ಡವನ್ನು ನೋಡಿ, ಬೇಸರವಾಗಬಾರದೆಂಬಂತೆ ಮೆಲ್ಲಗೆ ತಲೆಯಾಡಿಸಿ, ತಮ್ಮ ಮೊಣಕಾಲಿನ ಎತ್ತರಕ್ಕೆ ಕೈ ಹಿಡಿದು ತೋರಿಸಿದರು. ಅದನ್ನು ಯಾರೂ ಅನುವಾದಿಸಬೇಕಾಗಿರಲಿಲ್ಲ.

ಮಾವ ಮರುವರ್ಷ ತೀರಿಕೊಂಡರು. ಅಲ್ಲಿಯವರೆಗೂ ಆ ನರ್ಸ್ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಒಂದು ಮಾತೂ ಅರ್ಥವಾಗದಿದ್ದರೂ, ಅವರಿಬ್ಬರ ಮಾತು ಮುಗಿಯುವ ತನಕ ಗಂಡ ಪಕ್ಕದಲ್ಲೇ ಕೂತಿರುತ್ತಿದ್ದ.