ಹತ್ತೊಂಬತ್ತು ಕಿವಿ, ಸುರೈಯಾ ಬರೆದ ಎರಡು ಹಾಳೆ

ಬೆಳಗಿನ ಐದೂವರೆ. ವಿಜಯಪುರದ ಗೋಳಗುಮ್ಮಟದ ಹಿಂದಿನ ಓಣಿಗೆ ಹಾಲಿನವನು ಇನ್ನೂ ಬಂದಿಲ್ಲ. ಸುರೈಯಾ ನಮಾಜು ಮುಗಿಸಿ, ನೋಯುವ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮೇಜಿನ ಮುಂದೆ ಕುಳಿತಿದ್ದಾರೆ. ಮೇಜು ಎಂದರೆ ಹಳೆಯ ಹೊಲಿಗೆ ಯಂತ್ರದ ಮೇಲೆ ಹಾಕಿದ ಹಲಗೆ. ಅದರ ಮೇಲೆ ಇಂಗ್ಲಿಷಿನ ಒಂದೂವರೆ ಪುಟ. ಹತ್ತು ಗಂಟೆಯೊಳಗೆ ಅದು ಅರಬ್ಬಿಯಾಗಬೇಕು. ಆಗದಿದ್ದರೆ, ಟಿಕೋಟಾ ಕಡೆಯ ಕಳ್ಳಕವಟಗಿಯ ಹುಡುಗನೊಬ್ಬ ಕೊಲ್ಲಿ ದೇಶದ ಠಾಣೆಯಲ್ಲಿ ಇನ್ನೆಷ್ಟು ದಿನ ಕೊಳೆಯಬೇಕೋ ಹೇಳುವವರಿಲ್ಲ.

ಹುಡುಗನ ಹೆಸರು ಮಾಳು. ಅಲ್ಲಿ ಕುರಿ ಕಾಯುತ್ತಿದ್ದ. ಮೂರೇ ದಿನದಲ್ಲಿ ಹತ್ತೊಂಬತ್ತು ಕುರಿ ಸತ್ತವು. ಸತ್ತ ಪ್ರತಿ ಕುರಿಯ ಒಂದು ಕಿವಿಯನ್ನು ಮಾಳು ಕತ್ತರಿಸಿ, ತಂತಿಗೆ ಪೋಣಿಸಿ, ಮಾಲೀಕನ ಕಣ್ಣಿಗೆ ಬೀಳಲೆಂದು ಕೊಟ್ಟಿಗೆಯ ಬಾಗಿಲಿಗೆ ತೂಗುಹಾಕಿದ. ಮಾಲೀಕ ಅದನ್ನು ನೋಡಿ ಪೊಲೀಸರನ್ನು ಕರೆದ. ಇವನೇ ಹಿಂಸೆ ಮಾಡಿ ಕೊಂದಿದ್ದಾನೆ ಎಂದು ಬರೆಸಿದ.

ಮಾಳುವಿನ ಅಪ್ಪ ತುಕಾರಾಮ, ಅವ್ವ ಭೀಮಾಬಾಯಿ ಸುರೈಯಾ ಅವರ ಹೊಸ್ತಿಲಲ್ಲೇ ಕುಳಿತಿದ್ದಾರೆ. ಮಗನನ್ನು ಕಳಿಸಿದ ಮುಂಬೈ ಏಜೆಂಟ್ ಫೋನೇ ಎತ್ತುವುದಿಲ್ಲ. ಅವನ ಅರಬ್ಬಿ ಕಾಗದಗಳನ್ನೆಲ್ಲ ಬರೆಯುವಾಕೆ ತಮ್ಮ ಜಿಲ್ಲೆಯವಳೇ ಎಂದು ಯಾರಿಂದಲೋ ತಿಳಿದು ಇಬ್ಬರೂ ಹುಡುಕಿಕೊಂಡು ಬಂದಿದ್ದಾರೆ.

ಏಜೆಂಟ್ ಮೊದಲು ಇದೇ ಒಂದೂವರೆ ಪುಟವನ್ನು ಮೊಬೈಲಿನಲ್ಲೇ ಅರಬ್ಬಿ ಮಾಡಿಸಿ ಕೈತೊಳೆದುಕೊಂಡಿದ್ದ. ಠಾಣೆಯವರು ಅದನ್ನು ಹಿಂದಕ್ಕೆ ಎಸೆದ ಮೇಲೆ ಸುರೈಯಾ ಅವರಿಗೆ ಕಳಿಸಿದ. ಕುರಿಗಳು ಬಾವಿಯ ಉಪ್ಪು ನೀರಿನ 'ಬಿಫಜ್ಲ್' ಸತ್ತವು ಎಂದಿತ್ತು ಅದರಲ್ಲಿ. ಬಿಫಜ್ಲ್ ಎಂದರೆ ಕೃಪೆಯಿಂದ.

"ದೇವರ ಕೃಪಾದಿಂದ ಮಳಿ ಆತು ಅಂತೀವಿ. ನೀರಿನ ಕೃಪಾದಿಂದ ಕುರಿ ಸತ್ವು ಅಂತ ಯಾರರ ಅಂತಾರೇನ್ರಿ?" ಎನ್ನುತ್ತಾರೆ ಸುರೈಯಾ. ನಗುವುದಿಲ್ಲ. ಇಂಥವನ್ನು ತಿದ್ದಿ ತಿದ್ದಿ ನಗು ಬತ್ತಿಹೋಗಿದೆ.

ವಯಸ್ಸು ಐವತ್ತನಾಲ್ಕು. ಅಪ್ಪ ಗುಮ್ಮಟದ ಮುಂದೆ ಟಾಂಗಾ ಹೊಡೆಯುತ್ತಿದ್ದರು. ಮದರಸಾದಲ್ಲಿ ಅರಬ್ಬಿ, ಕಾಲೇಜಿನಲ್ಲಿ ಇಂಗ್ಲಿಷು. ಮದುವೆಯಾಗಿ ಹೋದ ಮೇಲೆ ಒಂಬತ್ತು ವರ್ಷ ಕೊಲ್ಲಿಯ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆದರು. ಗಂಡ ಅಲ್ಲೇ ತೀರಿಕೊಂಡರು. ಅವರ ಸಾವಿನ ಕಾರಣ ಬರೆದಿದ್ದ ಕಾಗದವನ್ನೂ ಆಕೆಯೇ ಅರಬ್ಬಿಯಿಂದ ಇಂಗ್ಲಿಷಿಗೆ ತಂದರು, ಬೇರೆ ಯಾರೂ ಇರಲಿಲ್ಲ. ಈಗ ದಿನಕ್ಕೆ ಹನ್ನೆರಡು ಪುಟ, ಹಬ್ಬದ ಹಿಂದುಮುಂದು ಇಪ್ಪತ್ತು. ಆಸ್ಪತ್ರೆ ಚೀಟಿ, ಅಪಘಾತದ ವರದಿ, ಶವದ ಜೊತೆ ಬರುವ ಕಾಗದ. ಎಲ್ಲದರಲ್ಲೂ ಒಂದೇ ಪ್ರಶ್ನೆ: ಯಾತರಿಂದ ಆಯಿತು? ಅರಬ್ಬಿ ಬಂದ ಮೇಲೆ ಇದೇನು ಮಹಾ ಎನ್ನುವ ಪಂಡಿತರು ಒಂದು ಬೆಳಗು ಈ ಹಲಗೆಯ ಮುಂದೆ ಕೂರಲಿ, ಗೊತ್ತಾಗುತ್ತದೆ.

ಸುರೈಯಾ ಅವರದೊಂದು ಪದ್ಧತಿ ಇದೆ. ಅರಬ್ಬಿಯ ಒಂದಕ್ಷರ ಬರೆಯುವ ಮೊದಲು ಇಂಗ್ಲಿಷಿನ ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಹೆಸರು ಬರೆಯುತ್ತಾರೆ. ಆ ಮಾತು ಯಾರದೋ ಅವರ ಹೆಸರು. ಡಾಕ್ಟರು, ಪೊಲೀಸ, ಮಾಲೀಕ. ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಬಾರದು.

ಇವತ್ತಿನದು ಅಲ್ಲಿ ಸತ್ತ ಕುರಿಗಳನ್ನು ನೋಡಿದ, ಅರಬ್ಬಿ ಬರೆಯಲು ಬಾರದ ಪಶುವೈದ್ಯನ ವರದಿ. ಸಾವಿಗೆ ಬಾವಿ ನೀರಿನ ಉಪ್ಪು ಕಾರಣವಿರಬಹುದು ಎಂಬುದು ತನ್ನ ಅಭಿಪ್ರಾಯ, ಕಿವಿಗಳನ್ನು ಸತ್ತ ನಂತರ ಕತ್ತರಿಸಿದಂತೆ ಕಾಣುತ್ತದೆ ಎಂದು ಬರೆದಿದ್ದಾನೆ.

"ಇರಬಹುದು ಯಾಕ್ರಿ ಅಕ್ಕಾರ? ಮಾಲಕಂದs ತಪ್ಪು ಅಂತ ಗಟ್ಟಿಸಿ ಬರೀರಿ," ಎನ್ನುತ್ತಾನೆ ತುಕಾರಾಮ.

"ಡಾಕ್ಟರ ಹಂಗ ಬರದಿಲ್ಲ ಕಾಕಾ."

"ನೀವು ಬರದ್ರ ಯಾರಿಗಿ ತಿಳೀತೈತಿ?"

"ಅಲ್ಲಿ ಎರಡೂ ಕಾಗದ ಬಾಜೂ ಬಾಜೂ ಇಟ್ಟು ಓದ್ತಾರ. ಒಂದು ಮಾತು ಹೆಚ್ಚಿಗಿ ಕಂಡ್ರ ಎರಡೂ ಹರದು ಒಗೀತಾರ. ಆಮ್ಯಾಲ ನಿಮ್ಮ ಮಗಾ ಅಲ್ಲೇ."

ತುಕಾರಾಮ ಮುಖ ತಿರುವುತ್ತಾನೆ. ಭೀಮಾಬಾಯಿ ಗಂಡನನ್ನು ತಿವಿಯುತ್ತಾಳೆ: "ಕುರಿ ಕಾಯಾವ್ರು ಕುರಿ ಮುಂದ ಶ್ಯಾಣೇರು. ಸುಮ್ಕ ಕುಂಡರ್ರಿ."

ಸುರೈಯಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಕೇಳುತ್ತಾರೆ: "ಕಾಕಾ, ಮಾಳು ಕಿವಿ ಯಾಕ ಕೊಯ್ದ?"

"ಕೊಯ್ಲಾರ್ದ ಮತ್ತೇನ್ ಮಾಡ್ಬೇಕ್ರಿ?" ತುಕಾರಾಮನಿಗೆ ಪ್ರಶ್ನೆಯೇ ಸೋಜಿಗ. "ಮಂದಿ ಕುರಿ ಕಾಯಾಕ ತಗೊಂಡ್ರ, ಸತ್ತದ್ದರ ಕಿವಿ ಮಾಲಕಗ ತೋರಸ್ಬೇಕು. ಇಲ್ಲಂದ್ರ ಮಾರ್ಕೊಂಡು ತಿಂದಿ ಅಂತಾನ. ನಮ್ಮಪ್ಪ ನನಗ ಕಲಿಸ್ಯಾನ. ನಾ ಅವಗ ಕಲಿಸೀನಿ..."

ಮಗನನ್ನು ಠಾಣೆಗೆ ನೂಕಿದ್ದು ತಾನು ಕಲಿಸಿದ ಪ್ರಾಮಾಣಿಕತೆಯೇ ಎಂದು ಅವನಿಗೆ ಆ ಕ್ಷಣ ಹೊಳೆಯುತ್ತದೆ. ತಲೆಗೆ ಸುತ್ತಿದ ಪಟಕಾದ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ.

"ಇದನ್ನs ಡಾಕ್ಟರ ಕಾಗದದಾಗ ಸೇರಸ್ರಿ ಯವ್ವಾ," ಎನ್ನುತ್ತಾಳೆ ಭೀಮಾಬಾಯಿ.

"ಡಾಕ್ಟರಗ ಇದು ಗೊತ್ತಿಲ್ಲ. ಗೊತ್ತಿದ್ದವರು ಇಲ್ಲೇ ಕುಂತಾರ. ಹೇಳ್ರಿ ಕಾಕಾ, ನಿಮ್ಮ ಹೆಸರಿಲೇ ಬ್ಯಾರೆ ಹಾಳಿ ಬರೀತೀನಿ."

ಹೀಗೆ ಹಾಳೆ ಎರಡಾಗುತ್ತವೆ. ಒಂದರಲ್ಲಿ ಪಶುವೈದ್ಯ ಹೇಳಿದ್ದು, ಅವನು ಹೇಳಿದಷ್ಟೇ. ಇನ್ನೊಂದರಲ್ಲಿ ಕುರಿಗಾರ ತುಕಾರಾಮ ಹೇಳಿದ್ದು, ಕೆಳಗೆ ಅವನ ಹೆಬ್ಬೆಟ್ಟಿನ ಗುರುತು. ಒಂಬತ್ತೂಮುಕ್ಕಾಲಿಗೆ ಎರಡೂ ಮುಂಬೈಗೆ ಹೋಗುತ್ತವೆ. ಮಗ ಬರುತ್ತಾನಾ ಎಂದು ಭೀಮಾಬಾಯಿ ಕೇಳಿದ್ದಕ್ಕೆ ಸುರೈಯಾ ಚಹಾ ಕೊಡುತ್ತಾರೆ.

ಹನ್ನೆರಡು ದಿನಗಳ ಮೇಲೆ ಗಂಡ ಹೆಂಡತಿ ಮತ್ತೆ ಬರುತ್ತಾರೆ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು. ಮಾಳುವಿನ ಮೇಲಿನ ಕೇಸು ಬಿದ್ದುಹೋಗಿದೆ. ಶುಕ್ರವಾರ ವಿಮಾನ ಹತ್ತುತ್ತಾನೆ. ಮುಂಬೈ ಏಜೆಂಟ್ ಆಗಲೇ ಮೊಬೈಲಿನಲ್ಲಿ ಮಾಳುವಿನ ಫೋಟೋ ಹಾಕಿ 'ನಮ್ಮ ಸತತ ಪ್ರಯತ್ನದಿಂದ' ಎಂದು ಸಾರಿಕೊಂಡಿದ್ದಾನೆ. ಫೋನೇ ಎತ್ತದವನ ಪ್ರಯತ್ನ! ಭೀಮಾಬಾಯಿ ಎಲ್ಲಾ ಮನೆದೇವರು ಬೀರಪ್ಪನ ದಯೆ ಎನ್ನುತ್ತಾಳೆ.

ತುಕಾರಾಮ ಅರಬ್ಬಿ ಹಾಳೆಯ ನಕಲನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. "ಇದರಾಗ ನಿಮ್ಮ ಹೆಸರು ಎಲ್ಲೈತ್ರಿ ಅಕ್ಕಾರ?"

ಇಲ್ಲ. ಹದಿನಾರು ವರ್ಷ ಬರೆದ ಸಾವಿರಾರು ಹಾಳೆಗಳಲ್ಲಿ ಒಂದರಲ್ಲೂ ಇಲ್ಲ. ಎಲ್ಲದರ ಮೇಲೂ ಮುಂಬೈ ಕಚೇರಿಯ ದುಂಡು ಮೊಹರು. ಆ ಮೊಹರಿಗೆ ಅರಬ್ಬಿಯ ಅಲಿಫ್ ಬೇ ಬರುವುದಿಲ್ಲ.

ಏಜೆಂಟನ ಹೆಸರು ಅಳಿಸಿ ನಿಮ್ಮದೇ ಹಾಕಿಸಬೇಕು, ಮಗನನ್ನು ಬಿಡಿಸಿದವರು ನೀವೇ ಎಂದು ತುಕಾರಾಮ ರೇಗುತ್ತಾನೆ. ಸುರೈಯಾ ಮುಂದಿನ ಕಾಗದವನ್ನು ಹಲಗೆಯ ಮೇಲೆ ಹಾಸುತ್ತಾರೆ.

"ಬಿಡಿಸಿದಾಕಿ ಅಂತ ಬರಸಬ್ಯಾಡ್ರಿ ಕಾಕಾ. ಯಾತರಿಂದ ಬಿಟ್ಟಾರ, ನನಗೇನ್ ಗೊತ್ತು? ಅರಬ್ಬಿ ಮಾಡಿದಾಕಿ ಸುರೈಯಾ, ವಿಜಯಪುರ. ಅಷ್ಟು ಖರೇ. ಅಷ್ಟs ಬರಸಿದ್ರ ಸಾಕು."