ಬಾಡಿಗೆಗೆ ಹೋಗುವ ಸವತಿ

ನನಗೊಬ್ಬಳು ಸವತಿ ಇದ್ದಾಳೆ. ಮುಚ್ಚುಮರೆ ಯಾಕೆ, ಇಡೀ ಟಿರಾನಾ ಪಟ್ಟಣಕ್ಕೇ ಗೊತ್ತು. ದ್ರಾಕ್ಷಿ ಬಣ್ಣದ ಹಳೇ ಮರ್ಸಿಡಿಸ್ ಕಾರು. ನನ್ನ ಗಂಡ ಹುಸ್ನಿ ಅದನ್ನು ‘ಮದುಮಗಳು’ ಎಂದೇ ಕರೆಯುವುದು.

ಅವನು ಹುಡುಗನಾಗಿದ್ದಾಗ ನಮ್ಮ ದೇಶದಲ್ಲಿ ಕಮ್ಯುನಿಸ್ಟರ ಆಳ್ವಿಕೆ, ಯಾರೂ ಸ್ವಂತ ಕಾರು ಇಟ್ಟುಕೊಳ್ಳುವಂತಿರಲಿಲ್ಲ. ಪಕ್ಷದ ದೊಡ್ಡವರ ಕಾರು ಹಾದುಹೋದರೆ ಹಿಂದೆ ಓಡಿ ಪೆಟ್ರೋಲಿನ ವಾಸನೆ ಹಿಡಿಯುತ್ತಿದ್ದನಂತೆ. ಮುಂದೆ ಸರ್ಕಾರಿ ಬಸ್ಸು ಓಡಿಸಿದ. ಕಾಲ ಬದಲಾದ ಮೇಲೆ ಗ್ರೀಸಿಗೆ ಹೋಗಿ ಗಾರೆ ಕೆಲಸ ಮಾಡಿ ಈ ಕಾರು ತಂದ. ತಂದ ದಿನವೇ ದೃಷ್ಟಿ ತಾಗದಿರಲೆಂದು ಅದರ ಕನ್ನಡಿಗೆ ಬೆಳ್ಳುಳ್ಳಿ ಕಟ್ಟಿದ. ನಾನು ಮದುವೆಯಾಗಿ ಬಂದಾಗ ನನಗೂ ದೃಷ್ಟಿ ತಾಗಬಹುದೆಂದು ಈ ಮಹಾಶಯನಿಗೆ ಹೊಳೆದಿರಲಿಲ್ಲ.

ಊರು ನೋಡಲು ಬರುವ ಹೊರದೇಶದವರಿಗೆ ಅದನ್ನು ಬಾಡಿಗೆಗೆ ಕೊಟ್ಟೇ ನಮ್ಮ ಜೀವನ. ಕೊಡುವಾಗ ಇವನ ಮುಖ ನೋಡಬೇಕು, ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ. ಅವರು ಕ್ರುಯಾಕ್ಕೆ ಹೋದರೆ ಒಂದು ಫೋನು, ಡುರಸ್ ಸಮುದ್ರಕ್ಕೆ ಹೋದರೆ ಇನ್ನೊಂದು. “ಎಲ್ಲಿದ್ದಾಳೆ? ನೆರಳಲ್ಲಿ ನಿಲ್ಸಿದ್ದೀರಾ?” ನಾನು ಪಿತ್ತಕೋಶದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಂದು ಕೇಳಿದ್ದೇನು? ಕಾರಿನ ಇನ್ನೊಂದು ಬೀಗದ ಕೈ ಎಲ್ಲಿಟ್ಟಿದ್ದೀಯ ಅಂತ! ಹೊಟ್ಟೆ ಉರಿಯದೆ ಇರುತ್ತದೆಯೇ?

“ನನ್ನೂ ಒಂದ್ಸಲ ಪೆಟ್ರೇಲಾ ಕೋಟೆಗೆ ಕರ್ಕೊಂಡು ಹೋಗು ಮಾರಾಯ,” ಎಂದರೆ, “ಕಾರು ದುಡಿಯೋಕಿರೋದು ಕಣೇ, ಮೆರೆಯೋಕಲ್ಲ,” ಎನ್ನುತ್ತಿದ್ದ.

ಸರಿ. ಅವನಿಗೆ ತಿಳಿಯದ ಹಾಗೆ ಕಾರು ಕಲಿತೆ, ಲೈಸೆನ್ಸೂ ಮಾಡಿಸಿದೆ. ಮೇ ತಿಂಗಳ ಒಂದು ಭಾನುವಾರ ಅವನ ಬಾಡಿಗೆ ಅಂಗಡಿಗೆ ಹೋಗಿ, ಗಿರಾಕಿಗಳು ಅಡವಿಡುವ ಹಾಗೆ ಮೇಜಿನ ಮೇಲೆ ನನ್ನ ಪಾಸ್‌ಪೋರ್ಟ್ ಇಟ್ಟೆ.

“ಇವತ್ತೊಂದಿನಕ್ಕೆ ಕಾರು ಬೇಕು.”

“ಹುಚ್ಚು ಹಿಡೀತಾ ಮೆರುಷೆ ನಿಂಗೆ?”

“ಗಿರಾಕಿ ಹತ್ರ ಹಿಂಗಾ ಮಾತಾಡೋದು? ಬಹುವಚನ ಎಲ್ಲಿ ಹೋಯ್ತು?”

ಹೊರಗೆ ಕಾಫಿ ಕುಡಿಯುತ್ತಿದ್ದವರು ಗೊಳ್ಳೆಂದರು. ಮರ್ಯಾದೆಗೆ ಅಂಜಿ ಬೀಗದ ಕೈ ಕೊಟ್ಟ. “ಹುಷಾರು,” ಎಂದ.

“ಯಾರು ಹುಷಾರು? ನಾನೋ ಅವಳೋ?”

ಕಾರು ಹತ್ತಿ ಹೊರಟೆ. ದೊಡ್ಡ ಚೌಕ ಸುತ್ತಿ, ಕೆರೆ ದಾಟಿ, ಪೆಟ್ರೇಲಾ ದಾರಿ ಹಿಡಿದೆ. ಇವತ್ತು ಒಂದೇ ಒಂದು ಸಲ ಅವನು ಕಾರಿನ ಬದಲು ನನ್ನನ್ನು ವಿಚಾರಿಸಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಊರು ದಾಟುವುದರೊಳಗೆ ಫೋನು ಬಂತು. ಬದಿಗೆ ನಿಲ್ಲಿಸಿ ಎತ್ತಿದೆ.

“ಇಂಜಿನ್ ಬಿಸಿ ಆಗಿದ್ಯಾ?”

“ಇಂಜಿನ್ ತಣ್ಣಗಿದೆ. ನನ್ ತಲೆ ಬಿಸಿ ಆಗಿದೆ.”

“ತಲೆಗೆ ನೀರು ಹಾಕ್ಕೋ. ಅವಳಿಗೆ ನೀರಿದ್ಯಾ ನೋಡು.”

ಫೋನು ಕುಕ್ಕಿದೆ. ಕೋಟೆಯ ಕೆಳಗೆ ಆಲಿವ್ ಮರದಡಿ ಕಾರು ನಿಲ್ಲಿಸಿ ಪಕ್ಕದ ಸೀಟಿಗೆ ಬಂದೆ. ಅದನ್ನು ಹಿಂದಕ್ಕೆ, ಹೋಗುವಷ್ಟು ಹಿಂದಕ್ಕೆ ತಳ್ಳಿ, ಚಪ್ಪಲಿ ಕಳಚಿ ಕಾಲು ಚಾಚಿದೆ. ಚೆರಿ ಹಣ್ಣು ತಿನ್ನುತ್ತಾ ಒಬ್ಬಳೇ ಅತ್ತೆ. ಅತ್ತು ಸುಸ್ತಾಗಿ ಅಲ್ಲೇ ನಿದ್ದೆ ಹೋದೆ.

ಸಂಜೆ ಕಾರು ತಂದು ನಿಲ್ಲಿಸಿದಾಗ ಹುಸ್ನಿ ಬೀದಿಯಲ್ಲೇ ಕಾಯುತ್ತಿದ್ದ. ನನ್ನ ಮುಖ ನೋಡಲಿಲ್ಲ, ಸೀದಾ ಬಾಗಿಲು ತೆಗೆದು ಬಗ್ಗಿದ. ಬಗ್ಗಿದವನು ಏಳಲಿಲ್ಲ.

“ಈ ಪಕ್ಕದ ಸೀಟಲ್ಲಿ ಯಾರು ಕೂತಿದ್ರು?”

ನಾನೇ ಎನ್ನಲು ಹೋದವಳು ಬೀಗದ ಕೈ ಅವನ ಕೈಗಿಟ್ಟೆ.

“ಇಷ್ಟು ಹಿಂದಕ್ಕೆ ತಳ್ಳಿದಾರೆ! ಯಾರೇ ಅವನು, ಅಷ್ಟುದ್ದ ಕಾಲಿನವನು?”

“ಬೇರೆ ಗಿರಾಕಿಗಳನ್ನೂ ಹಿಂಗೇ ಕೇಳ್ತೀಯಾ?”

ಅವತ್ತು ಅವನು ಕಾರು ತೊಳೆಯಲಿಲ್ಲ. ನಾನು ಪಾಲಕ್ ಸೊಪ್ಪು ತುಂಬಿ ಬೇಯಿಸಿ ಬಡಿಸಿದ ಬ್ಯೂರೆಕ್ ತಟ್ಟೆಯಲ್ಲೇ ಆರಿತು. “ಎಲ್ಲೆಲ್ಲಿ ಹೋಗಿದ್ದೆ? ಊಟ ಎಲ್ಲಾಯ್ತು? ಕಣ್ಯಾಕೆ ಊದಿದೆ?” ಮೂವತ್ತು ವರ್ಷದಲ್ಲಿ ಕೇಳದ ಪ್ರಶ್ನೆಗಳನ್ನೆಲ್ಲ ಒಂದೇ ಊಟದಲ್ಲಿ ಕೇಳಿ ಮುಗಿಸಿದ. ಬರುವ ಭಾನುವಾರ ತಾನೇ ಪೆಟ್ರೇಲಾಕ್ಕೆ ಕರೆದೊಯ್ಯುತ್ತಾನಂತೆ. ನಾನಿನ್ನೂ ಬಾಯಿ ಬಿಟ್ಟಿಲ್ಲ. ಅವನೂ ಸ್ವಲ್ಪ ದಿನ ಉರಿಯಲಿ.